ನೀನು ಯಾರ ಕಡೆ? ಶೀತಲ ಸಮರ, ಸಿಂಗಪುರ ಮತ್ತು ನಡುವೆ ನಿಂತವರು

ಸಿಂಗಪುರದ ಮಾಧ್ಯಮಿಕ ಶಾಲೆಗಳಲ್ಲಿ ಇತಿಹಾಸ ಓದುವ ನಮ್ಮ ಮಕ್ಕಳಿಗೆ ಶೀತಲ ಸಮರ ಒಂದು ದೊಡ್ಡ ಪಾಠ. ಬರ್ಲಿನ್, ಕೊರಿಯಾ, ಕ್ಯೂಬಾ ಎಂದು ಇಸವಿಗಳನ್ನು ಉರು ಹೊಡೆದು ಪರೀಕ್ಷೆ ಬರೆಯುತ್ತಾರೆ. ಓದಿದ ಮೇಲೆ ಅದೆಲ್ಲ ವಾಷಿಂಗ್ಟನ್ ಮತ್ತು ಮಾಸ್ಕೋ ನಡುವೆ ನಡೆದ ಚದುರಂಗ, ನಮಗೂ ಅದಕ್ಕೂ ಸಂಬಂಧವಿಲ್ಲ ಎನಿಸುವುದು ಸಹಜ. ಆದರೆ ಆ ಆಟದ ಕೆಲವು ನಡೆಗಳು ನಡೆದದ್ದು ನಾವು ಮಲ್ಲಿಗೆ ಹೂವು, ನುಗ್ಗೆಕಾಯಿ ಕೊಳ್ಳಲು ಹೋಗುವ ಸೆರಂಗೂನ್ ರಸ್ತೆಯ ಆಸುಪಾಸಿನಲ್ಲಿಯೇ. ಅದರ ಅತಿ ಕಠಿಣವಾದ ಒಂದು ಘಟ್ಟದಲ್ಲಿ ಎರಡೂ ಬಣಗಳ ನಡುವೆ ನಿಂತು ದುಡಿದವರಲ್ಲಿ ಕನ್ನಡ ನಾಡಿನ ಇಬ್ಬರಿದ್ದರು. ಒಬ್ಬರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್, ಇನ್ನೊಬ್ಬರು ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಯುದ್ಧಾನಂತರದ ಆ ಪೈಪೋಟಿ ಏಷ್ಯಾದ ಸಾಮಾನ್ಯ ಜನರ ಮುಂದೆ ಒಂದೇ ಪ್ರಶ್ನೆ ಇಟ್ಟಿತು: ನೀನು ಯಾರ ಕಡೆ? ಉತ್ತರ ಕೊಟ್ಟವರಿಗೆ ಒಂದು ಬಗೆಯ ಕಷ್ಟವಾದರೆ, "ಯಾರ ಕಡೆಯೂ ಅಲ್ಲ" ಎಂದವರಿಗೆ ಇನ್ನೊಂದು ಬಗೆಯ ಕಷ್ಟ. ಹೀಗೆ ನಡುವೆ ನಿಲ್ಲುವುದು ಹೇಡಿತನವೋ, ಅವಕಾಶವಾದವೋ ಎಂದು ಆಗಲೂ ಕೇಳಿದವರಿದ್ದರು, ಈಗಲೂ ಇದ್ದಾರೆ. ಸಿಂಗಪುರದ ಮತ್ತು ಕೊರಿಯಾದ ಇತಿಹಾಸ ನೋಡಿದರೆ ಅದು ಬಹಳ ದುಬಾರಿಯಾದ, ಬಹಳ ದುಡಿಮೆ ಬೇಡುವ ನಿಲುವಾಗಿತ್ತು ಎಂಬುದು ಕಾಣುತ್ತದೆ. ಈ ಲೇಖನದ ಉದ್ದೇಶ ಅದನ್ನು ತೋರಿಸುವುದು.

ಪಡಾಂಗ್ ಎದುರಿನ ಕಟ್ಟಡ

1945ರ ಸೆಪ್ಟೆಂಬರ್ 12ರಂದು ಪಡಾಂಗ್ ಮೈದಾನದ ಎದುರಿನ ಮುನಿಸಿಪಲ್ ಕಟ್ಟಡದಲ್ಲಿ ಆಗ್ನೇಯ ಏಷ್ಯಾದ ಜಪಾನಿ ಸೇನೆ ವಿಧ್ಯುಕ್ತವಾಗಿ ಶರಣಾಯಿತು. ಇಂದು ಆ ಕಟ್ಟಡ ನ್ಯಾಷನಲ್ ಗ್ಯಾಲರಿಯ ಭಾಗ. ಮಿತ್ರರಾಷ್ಟ್ರಗಳ ಪರವಾಗಿ ಶರಣಾಗತಿ ಸ್ವೀಕರಿಸಿದವರು ಲಾರ್ಡ್ ಮೌಂಟ್‌ಬ್ಯಾಟನ್. ಅವರ ಜೊತೆಗಿದ್ದ ಪ್ರತಿನಿಧಿಗಳ ಸಾಲಿನಲ್ಲಿ ಭಾರತೀಯ ಸೇನೆಯ ಪರವಾಗಿ ಇದ್ದವರು ಬ್ರಿಗೇಡಿಯರ್ ತಿಮ್ಮಯ್ಯ. ಎರಡನೇ ಮಹಾಯುದ್ಧದ ರಣರಂಗದಲ್ಲಿ ಬ್ರಿಗೇಡ್ ಒಂದನ್ನು ಮುನ್ನಡೆಸಿದ ಏಕೈಕ ಭಾರತೀಯ ಅಧಿಕಾರಿ ಅವರು.

ಅದೇ ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಸೇರಿದ್ದು ಆಜಾದ್ ಹಿಂದ್ ಫೌಜನ್ನು. ಆ ಫೌಜಿನ ಬೀಜ ಬಿದ್ದದ್ದು ಸೆರಂಗೂನ್ ರಸ್ತೆಯ ಪಕ್ಕದ ಫ್ಯಾರರ್ ಪಾರ್ಕ್ ಬಯಲಿನಲ್ಲಿ. 1942ರ ಫೆಬ್ರವರಿ 17ರಂದು ಸುಮಾರು 45,000 ಭಾರತೀಯ ಸೈನಿಕರನ್ನು ಬ್ರಿಟಿಷರು ಅಲ್ಲಿ ಜಪಾನೀಯರ ವಶಕ್ಕೆ ಒಪ್ಪಿಸಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರು ಎದುರುಬದುರು ಸೇನೆಗಳಲ್ಲಿ, ಇಬ್ಬರೂ ದೇಶಭಕ್ತರೇ. ನೇತಾಜಿ ಶಂಕುಸ್ಥಾಪನೆ ಮಾಡಿದ್ದ ಫೌಜಿನ ಸ್ಮಾರಕವನ್ನು ಬ್ರಿಟಿಷರು ಮರಳಿ ಬಂದ ಕೂಡಲೇ ಸಿಡಿಸಿ ಉರುಳಿಸಿದರು. ಅದು ಇದ್ದದ್ದು ಪಡಾಂಗ್‌ನಿಂದ ಕೂಗಳತೆಯ ದೂರದಲ್ಲಿ.

ಅದೇ ಮುನಿಸಿಪಲ್ ಕಟ್ಟಡದ ಮುಂದೆ 1946ರ ಜನವರಿ 6ರಂದು ಇನ್ನೊಂದು ಸಮಾರಂಭ ನಡೆಯಿತು. ಜಪಾನೀಯರ ವಿರುದ್ಧ ಕಾಡಿನಲ್ಲಿ ಹೋರಾಡಿದ ಮಲಯಾದ ಗೆರಿಲ್ಲಾಗಳ ನಾಯಕರಿಗೆ ಮೌಂಟ್‌ಬ್ಯಾಟನ್ ಪದಕ ತೊಡಿಸಿದರು. ಅವರಲ್ಲಿ ಹೆಚ್ಚಿನವರು ಮಲಯಾ ಕಮ್ಯುನಿಸ್ಟ್ ಪಕ್ಷದವರು. ಚಿನ್ ಪೆಂಗ್ ಎಂಬ ಇಪ್ಪತ್ತೊಂದರ ಯುವಕ ಅವರಲ್ಲೊಬ್ಬ. ಮುಂದೆ ಅವನಿಗೆ ಬ್ರಿಟಿಷ್ ಸರ್ಕಾರ ಒ.ಬಿ.ಇ. ಗೌರವವನ್ನೂ ಘೋಷಿಸಿತು. ಆರೇ ವರ್ಷಗಳಲ್ಲಿ, 1952ರ ಹೊತ್ತಿಗೆ, ಅದೇ ಸರ್ಕಾರ ಅವನ ತಲೆಗೆ ಎರಡೂವರೆ ಲಕ್ಷ ಡಾಲರ್ ಬಹುಮಾನ ಕಟ್ಟಿತ್ತು. ಪದಕದಿಂದ ತಲೆದಂಡದವರೆಗಿನ ಈ ಆರು ವರ್ಷಗಳಲ್ಲಿ ಜಗತ್ತೇ ಎರಡು ಹೋಳಾಗಿತ್ತು.

ಮಿತ್ರರು ವೈರಿಗಳಾದ ಬಗೆ

ಹಿಟ್ಲರ್ ಎಂಬ ಸಮಾನ ಶತ್ರು ಇರುವ ತನಕ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಒಂದಾಗಿದ್ದವು. ಒಳಗೆ ಅಪನಂಬಿಕೆ ಬೂದಿ ಮುಚ್ಚಿದ ಕೆಂಡದಂತೆ ಇದ್ದೇ ಇತ್ತು. ಯುದ್ಧದಲ್ಲಿ ಎರಡು ಕೋಟಿಗೂ ಹೆಚ್ಚು ಪ್ರಜೆಗಳನ್ನು ಕಳೆದುಕೊಂಡ ಸೋವಿಯತ್ ನಾಯಕರು ತಮ್ಮ ಪಶ್ಚಿಮದ ಗಡಿಯುದ್ದಕ್ಕೂ ತಾವು ಹೇಳಿದಂತೆ ಕೇಳುವ ಸರ್ಕಾರಗಳೇ ಇರಬೇಕೆಂದರು. ಅಮೆರಿಕಕ್ಕೆ ಇದು ರಕ್ಷಣೆಯಾಗಿ ಕಾಣಲಿಲ್ಲ, ವಿಸ್ತರಣೆಯಾಗಿ ಕಂಡಿತು. ಒಬ್ಬರ ಭದ್ರತೆ ಇನ್ನೊಬ್ಬರ ಭಯವಾಯಿತು.

1946ರ ಮಾರ್ಚ್‌ನಲ್ಲಿ ಯುರೋಪಿನ ನಡುವೆ ಕಬ್ಬಿಣದ ಪರದೆ ಇಳಿದಿದೆ ಎಂದು ಚರ್ಚಿಲ್ ಸಾರಿದರು. 1947ರ ಮಾರ್ಚ್‌ನಲ್ಲಿ ಗ್ರೀಸ್ ಮತ್ತು ಟರ್ಕಿಗೆ ನೆರವು ಕೇಳುತ್ತ ಅಧ್ಯಕ್ಷ ಟ್ರೂಮನ್ ಜಗತ್ತು ಎರಡು ಜೀವನಕ್ರಮಗಳ ನಡುವೆ ಆಯ್ಕೆ ಮಾಡಬೇಕಾಗಿದೆ ಎಂದರು. ಅದೇ ವರ್ಷ ಮಾರ್ಷಲ್ ಯೋಜನೆ ಬಂತು. ಸೆಪ್ಟೆಂಬರ್‌ನಲ್ಲಿ ಸೋವಿಯತ್ ನಾಯಕ ಝ್ದಾನೊವ್ ಜಗತ್ತಿನಲ್ಲಿ ಇರುವುದು ಎರಡೇ ಶಿಬಿರ ಎಂದು ಘೋಷಿಸಿದರು. 1948ರ ಜೂನ್‌ನಲ್ಲಿ ಬರ್ಲಿನ್ ದಿಗ್ಬಂಧನ, 1949ರ ಏಪ್ರಿಲ್‌ನಲ್ಲಿ ನೇಟೊ ಒಪ್ಪಂದ, ಆಗಸ್ಟ್‌ನಲ್ಲಿ ಸೋವಿಯತ್ ಅಣುಬಾಂಬ್ ಪರೀಕ್ಷೆ, ಅಕ್ಟೋಬರ್‌ನಲ್ಲಿ ಚೀನಾದಲ್ಲಿ ಮಾವೋ ಸರ್ಕಾರ. ಟ್ರೂಮನ್ ಮತ್ತು ಝ್ದಾನೊವ್ ಪರಸ್ಪರ ವಿರೋಧಿಗಳಾದರೂ ಇಬ್ಬರ ಮಾತಿನ ತಿರುಳು ಒಂದೇ: ಮೂರನೆಯ ಜಾಗ ಇಲ್ಲ. ಆಗಷ್ಟೇ ಸ್ವತಂತ್ರವಾಗುತ್ತಿದ್ದ ಏಷ್ಯಾದ ದೇಶಗಳಿಗೆ ಇದು ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತಹ ಸ್ಥಿತಿ.

ಕಲ್ಕತ್ತೆಯಿಂದ ಬೀಸಿದ ಗಾಳಿ

ಈ ಎರಡು ಶಿಬಿರಗಳ ಮಾತು ಸಿಂಗಪುರಕ್ಕೆ ಬಂದ ದಾರಿ ಭಾರತದ ಮೂಲಕ ಹಾಯುತ್ತದೆ. 1948ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಆಗ್ನೇಯ ಏಷ್ಯಾದ ಯುವಜನರ ಸಮ್ಮೇಳನ ನಡೆಯಿತು. ಬೆನ್ನಿಗೇ ಭಾರತ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನ. ಅದರಲ್ಲಿ ಭಾಗವಹಿಸಿದ್ದ ಆಸ್ಟ್ರೇಲಿಯಾದ ಕಮ್ಯುನಿಸ್ಟ್ ನಾಯಕ ಲಾರೆನ್ಸ್ ಶಾರ್ಕಿ ಊರಿಗೆ ಮರಳುವಾಗ ಸಿಂಗಪುರದಲ್ಲಿ ಇಳಿದು ಮಲಯಾ ಪಕ್ಷದ ಮುಖಂಡರನ್ನು ಕಂಡರು. ಸಶಸ್ತ್ರ ಬಂಡಾಯಕ್ಕೆ ಮಾಸ್ಕೋದ ಅಪ್ಪಣೆ ಈ ದಾರಿಯಲ್ಲಿ ಬಂತೆಂದು ಹಲವರು ಬರೆದಿದ್ದಾರೆ. ಅಪ್ಪಣೆ ಬರಲಿಲ್ಲ, ಸ್ಥಳೀಯ ಕಾರಣಗಳೇ ಸಾಕಾಗಿದ್ದವು ಎನ್ನುವ ಇತಿಹಾಸಕಾರರೂ ಇದ್ದಾರೆ.

ಸ್ಥಳೀಯ ಕಾರಣಗಳಿಗೆ ಕೊರತೆಯಂತೂ ಇರಲಿಲ್ಲ. ಯುದ್ಧ ಮುಗಿದಾಗ ಅಕ್ಕಿಯ ಬೆಲೆ ಮುಗಿಲಿಗೇರಿತ್ತು, ಕೂಲಿ ನೆಲ ಕಚ್ಚಿತ್ತು. 1946ರ ಜನವರಿ ಕೊನೆಯಲ್ಲಿ ಲಕ್ಷಕ್ಕೂ ಮೀರಿದ ಕಾರ್ಮಿಕರು ಎರಡು ದಿನ ಸಿಂಗಪುರವನ್ನು ಸ್ತಬ್ಧಗೊಳಿಸಿದರು. ಬಂದರು, ನೌಕಾನೆಲೆ, ಮುನಿಸಿಪಾಲಿಟಿ ಎಲ್ಲ ಕಡೆ ಭಾರತೀಯ ಕೂಲಿಗಳಿದ್ದರು. ಅವರಲ್ಲಿ ಅನೇಕರು ಕಾರ್ಮಿಕ ಸಂಘ ಸೇರಿದ್ದು ಮಾರ್ಕ್ಸ್‌ವಾದ ಓದಿ ಅಲ್ಲ, ಹೊಟ್ಟೆಪಾಡಿಗಾಗಿ.

1948ರ ಜೂನ್ 16ರಂದು ಪೆರಾಕ್‌ನ ಸುಂಗೈ ಸಿಪುಟ್ ಬಳಿಯ ರಬ್ಬರ್ ತೋಟಗಳಲ್ಲಿ ಮೂವರು ಯುರೋಪಿಯನ್ನರ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ಮಲಯಾದಲ್ಲೂ, ಆ ತಿಂಗಳು ಮುಗಿಯುವುದರೊಳಗೆ ಸಿಂಗಪುರದಲ್ಲೂ ತುರ್ತುಸ್ಥಿತಿ ಘೋಷಣೆಯಾಯಿತು. ಹನ್ನೆರಡು ವರ್ಷ ನಡೆದ ಆ ಕಾಳಗವನ್ನು ಸರ್ಕಾರ ಯುದ್ಧವೆಂದು ಕರೆಯಲಿಲ್ಲ. ಯುದ್ಧ ಎಂದರೆ ಲಂಡನ್ನಿನ ವಿಮಾ ಕಂಪನಿಗಳು ತೋಟಗಳ ನಷ್ಟ ತುಂಬಿಕೊಡುತ್ತಿರಲಿಲ್ಲ ಎಂಬುದು ಅದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ಹನ್ನೆರಡು ವರ್ಷ ದಾಟಿದ ಪ್ರತಿಯೊಬ್ಬರಿಗೂ ಭಾವಚಿತ್ರವಿರುವ ಗುರುತಿನ ಚೀಟಿ ಬಂತು. ನಾವಿಂದು ಜೇಬಿನಲ್ಲಿಟ್ಟುಕೊಂಡು ಓಡಾಡುವ ಗುರುತಿನ ಕಾರ್ಡಿನ ಪೂರ್ವಜ ಅದು. ಮಲಯಾದಲ್ಲಿ ಸುಮಾರು ಐದು ಲಕ್ಷ ಜನರನ್ನು ಕಾಡಂಚಿನಿಂದ ಎಬ್ಬಿಸಿ ಮುಳ್ಳುತಂತಿಯ ಹೊಸ ಹಳ್ಳಿಗಳಲ್ಲಿ ಕೂಡಿಸಿದರು. ಕಾಡಿನವರಿಗೆ ಅಕ್ಕಿ, ಔಷಧ ಕೊಟ್ಟರೂ ಅಪರಾಧ. ಕಾಡಿನವರು ಕೇಳಿದಾಗ ಕೊಡದಿದ್ದರೆ ಅವರ ಕೈಯಲ್ಲಿ ಪ್ರಾಣಕ್ಕೆ ಸಂಚಕಾರ. ಅತ್ತ ದರಿ, ಇತ್ತ ಪುಲಿ ಎಂಬ ಮಾತಿಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕಿಲ್ಲ.

ಭಾರತೀಯರಿಗೆ ಇದು ನೇರವಾಗಿ ತಟ್ಟಿತು. ಅಖಿಲ ಮಲಯಾ ಕಾರ್ಮಿಕ ಒಕ್ಕೂಟದ ಅಧ್ಯಕ್ಷರಾಗಿದ್ದ ಎಸ್. ಎ. ಗಣಪತಿ ಹಿಂದೆ ಆಜಾದ್ ಹಿಂದ್ ಫೌಜಿನಲ್ಲಿದ್ದವರು. ಪಿಸ್ತೂಲು ಇಟ್ಟುಕೊಂಡಿದ್ದ ಆರೋಪದ ಮೇಲೆ ಅವರನ್ನು 1949ರ ಮೇ 4ರಂದು ಕ್ವಾಲಾಲಂಪುರದ ಪುಡು ಜೈಲಿನಲ್ಲಿ ಗಲ್ಲಿಗೇರಿಸಿದರು. ಕ್ಷಮಾದಾನಕ್ಕಾಗಿ ಭಾರತ ಸರ್ಕಾರ ಮಾಡಿದ ಮನವಿ ಫಲಿಸಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಅದೇ ಕಾಲದಲ್ಲಿ ನೆಹರೂ ಸರ್ಕಾರ ಸ್ವದೇಶದಲ್ಲಿ ತೆಲಂಗಾಣದ ಕಮ್ಯುನಿಸ್ಟ್ ಬಂಡಾಯವನ್ನು ಸೇನೆ ಬಳಸಿ ಹತ್ತಿಕ್ಕುತ್ತಿತ್ತು. ಕಮ್ಯುನಿಸ್ಟರ ಮೇಲಿನ ಮಮತೆಯಿಂದ ಅದು ಗಣಪತಿಯವರ ಪರ ಮಾತಾಡಿತೆನ್ನಲು ಸಾಧ್ಯವಿಲ್ಲ. ಭಾರತದಲ್ಲಿ ಹುಟ್ಟಿದ ಇನ್ನೂ ಹಲವು ಕಾರ್ಮಿಕ ಮುಖಂಡರನ್ನು ಗಡೀಪಾರು ಮಾಡಿ ಮದರಾಸಿನ ಹಡಗು ಹತ್ತಿಸಿದರು.

ರಬ್ಬರು, ಡಾಲರು ಮತ್ತು ಕೊರಿಯಾ

ಬ್ರಿಟನ್ ಮಲಯಾಕ್ಕಾಗಿ ಇಷ್ಟು ಹೆಣಗಾಡಿದ್ದೇಕೆ? ಯುದ್ಧದಲ್ಲಿ ದಿವಾಳಿಯೆದ್ದಿದ್ದ ಬ್ರಿಟನ್ನಿಗೆ ಅಮೆರಿಕದ ಡಾಲರು ಬೇಕಿತ್ತು. ಸ್ಟರ್ಲಿಂಗ್ ವಲಯದಲ್ಲಿ ಅತಿ ಹೆಚ್ಚು ಡಾಲರು ಗಳಿಸಿಕೊಡುತ್ತಿದ್ದ ವಸಾಹತು ಮಲಯಾ. ಅದರ ರಬ್ಬರು ಮತ್ತು ತವರ ಹೊರಜಗತ್ತಿಗೆ ಹೋಗುತ್ತಿದ್ದ ಮುಖ್ಯ ಬಾಗಿಲು ಸಿಂಗಪುರ. ಸಿದ್ಧಾಂತದ ಜಗಳದ ಕೆಳಗೆ ಲೆಕ್ಕಪುಸ್ತಕವೂ ಇತ್ತು.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶ ರೇಖೆ ದಾಟಿತು. ಅಮೆರಿಕ ರಬ್ಬರು, ತವರದ ದಾಸ್ತಾನಿಗೆ ಮುಗಿಬಿದ್ದು ಸಿಂಗಪುರದ ಮಾರುಕಟ್ಟೆಯಲ್ಲಿ ಬೆಲೆ ಹಲವು ಪಟ್ಟು ಏರಿತು. 1951ರ ಮೇ ತಿಂಗಳಲ್ಲಿ ಚೀನಾಕ್ಕೆ ಯುದ್ಧೋಪಯೋಗಿ ಸಾಮಗ್ರಿ ಮಾರಬಾರದೆಂದು ವಿಶ್ವಸಂಸ್ಥೆ ನಿರ್ಬಂಧ ಹಾಕಿದಾಗ ಇಲ್ಲಿನ ರಬ್ಬರ್ ವ್ಯಾಪಾರಿಗಳು ದೊಡ್ಡದೊಂದು ಗಿರಾಕಿಯನ್ನು ಕಳೆದುಕೊಂಡರು. ದೂರದ ಯುದ್ಧವೊಂದು ಇಲ್ಲಿಯ ಅಂಗಡಿ ಬಾಗಿಲಿಗೇ ಬಂದಿತ್ತು.

ಕೊರಿಯಾ ಯುದ್ಧ ಆರಂಭವಾದ ದಿನ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಇದ್ದವರು ಭಾರತದ ಪ್ರತಿನಿಧಿ ಬೆನೆಗಲ್ ನರಸಿಂಗ ರಾವ್. ಭಾರತದ ಸಂವಿಧಾನ ರಚನಾ ಸಭೆಗೆ ಕಾನೂನು ಸಲಹೆಗಾರರಾಗಿ ಮೊದಲ ಕರಡು ಸಿದ್ಧಪಡಿಸಿದ ಮಹನೀಯರು ಅವರೇ. ಚೀನಾದ ಸ್ಥಾನದ ಪ್ರಶ್ನೆಯ ಮೇಲೆ ಸೋವಿಯತ್ ಪ್ರತಿನಿಧಿ ಸಭೆ ಬಹಿಷ್ಕರಿಸಿದ್ದರು. ದಾಳಿ ನಿಲ್ಲಿಸಬೇಕೆಂಬ ಮೊದಲ ನಿರ್ಣಯಕ್ಕೆ ಭಾರತ ಮತ ಹಾಕಿತು. ದಕ್ಷಿಣ ಕೊರಿಯಾಕ್ಕೆ ಸೈನಿಕ ನೆರವು ನೀಡುವ ಎರಡನೆಯ ನಿರ್ಣಯ ಬಂದಾಗ ದೆಹಲಿಯಿಂದ ಸೂಚನೆ ಬಾರದ ಕಾರಣ ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. ಆಮೇಲೆ ಭಾರತ ಅದನ್ನು ಒಪ್ಪಿತು. ಅಮೆರಿಕದ ನಾಯಕತ್ವದಲ್ಲಿ ಜಂಟಿ ಸೇನೆ ರಚಿಸುವ ಮೂರನೆಯ ನಿರ್ಣಯಕ್ಕೆ ತಟಸ್ಥವಾಗಿ ಉಳಿಯಿತು. ದಾಳಿಯನ್ನು ದಾಳಿ ಎನ್ನಬೇಕು, ಆದರೆ ಒಂದು ಬಣದ ಸೇನೆಯ ಬಾಲವಾಗಬಾರದು ಎಂಬುದು ಇದರ ತಾತ್ಪರ್ಯ. ಆ ವರ್ಷದ ಡಿಸೆಂಬರ್‌ನಲ್ಲಿ ಕದನವಿರಾಮದ ಷರತ್ತು ಹುಡುಕಲು ವಿಶ್ವಸಂಸ್ಥೆ ನೇಮಿಸಿದ ಮೂವರ ಸಮಿತಿಯಲ್ಲೂ ರಾವ್ ಇದ್ದರು. ಆ ಪ್ರಯತ್ನ ಕೈಗೂಡಲಿಲ್ಲ.

ಗಾಯಾಳುವಿಗೆ ಪಕ್ಷವಿಲ್ಲ

ಭಾರತ ಕೊರಿಯಾಕ್ಕೆ ಸೈನಿಕರನ್ನು ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ 60ನೇ ಪ್ಯಾರಾಚ್ಯೂಟ್ ಫೀಲ್ಡ್ ಆಂಬುಲೆನ್ಸ್ 1950ರ ನವೆಂಬರ್‌ನಲ್ಲಿ ಪುಸಾನ್ ಬಂದರಿಗೆ ಇಳಿಯಿತು. ಅದೇ ಚಳಿಗಾಲದಲ್ಲಿ ಚೀನೀ ಸೇನೆ ನುಗ್ಗಿ ಪ್ಯೊಂಗ್‌ಯಾಂಗ್ ಖಾಲಿ ಮಾಡಬೇಕಾದಾಗ ಅವರಿಗೆ ಸಾಗಣೆ ವಾಹನ ಇರಲಿಲ್ಲ. ಶಸ್ತ್ರಚಿಕಿತ್ಸೆಯ ಉಪಕರಣ ಬಿಟ್ಟು ಹೋಗಲು ಒಪ್ಪದೆ ಹಳೆಯ ಉಗಿಬಂಡಿಯೊಂದನ್ನು ಹುಡುಕಿ, ತಾವೇ ನಡೆಸಿಕೊಂಡು ದಕ್ಷಿಣಕ್ಕೆ ಬಂದರು. ಮೈನಸ್ ಡಿಗ್ರಿ ಚಳಿಯಲ್ಲಿ, ನೀರೂ ಹೆಪ್ಪುಗಟ್ಟುವಲ್ಲಿ ಶಸ್ತ್ರಚಿಕಿತ್ಸೆಯ ಟೇಬಲ್ ಹಾಕಿ ನಿಲ್ಲುವುದು ಎಂತಹ ಕೆಲಸವೆಂದು ವೈದ್ಯರಾದ ನಮಗೆ ಊಹಿಸಲು ಕಷ್ಟವಿಲ್ಲ. 1951ರ ಮಾರ್ಚ್ 23ರಂದು ಮುನ್ಸಾನ್‌ನಲ್ಲಿ ಅಮೆರಿಕದ ಸೈನಿಕರೊಂದಿಗೆ ಈ ತಂಡದ 12 ಮಂದಿ ಪ್ಯಾರಾಚ್ಯೂಟ್ ಕಟ್ಟಿಕೊಂಡು ಹಾರಿದರು. ಯುದ್ಧ ನಿಂತ ಮೇಲೂ ಕೈದಿಗಳ ಶುಶ್ರೂಷೆಗಾಗಿ 1954ರವರೆಗೆ ಉಳಿದರು. ಗಾಯ ಕಟ್ಟುವ ಮುನ್ನ ಯಾವ ಬಣದವನೆಂದು ಕೇಳದಿರುವುದು ವೈದ್ಯಧರ್ಮ. ರಾಜ್ಯಗಳ ನಡುವೆಯೂ ಆ ಧರ್ಮವನ್ನು ನಡೆಸಬಹುದೇ ಎಂಬುದೇ ಮುಂದಿನ ಪರೀಕ್ಷೆ.

ಕೊರಿಯಾದ ಕದನವಿರಾಮ ಹೆಚ್ಚುಕಡಿಮೆ ಒಂದೂವರೆ ವರ್ಷ ಒಂದೇ ಪ್ರಶ್ನೆಗೆ ಸಿಕ್ಕಿಕೊಂಡಿತ್ತು. ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳನ್ನು ಏನು ಮಾಡಬೇಕು? ಎಲ್ಲರನ್ನೂ ಮರಳಿಸಬೇಕೆಂದು ಕಮ್ಯುನಿಸ್ಟ್ ಪಕ್ಷದವರು, ಬಲವಂತ ಕೂಡದೆಂದು ಅಮೆರಿಕದವರು. ಭಾರತ ಮುಂದಿಟ್ಟ ಸೂತ್ರದ ಜಾಡಿನಲ್ಲೇ ಕೊನೆಗೆ ಒಪ್ಪಂದವಾಗಿ 1953ರ ಜುಲೈ 27ರಂದು ಗುಂಡಿನ ಸದ್ದು ನಿಂತಿತು. ಒಪ್ಪದ ಕೈದಿಗಳನ್ನು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸುವುದೆಂದಾಯಿತು. ಸ್ವೀಡನ್, ಸ್ವಿಟ್ಜರ್‌ಲೆಂಡ್ ಒಂದು ಕಡೆಗೆ ಹತ್ತಿರ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆಯವು. ನಡುವಿನ ಐದನೆಯ ಮತ ಭಾರತದ್ದು. ಆಯೋಗದ ಅಧ್ಯಕ್ಷರಾಗಿ ಹೋದವರು ಲೆಫ್ಟಿನೆಂಟ್ ಜನರಲ್ ತಿಮ್ಮಯ್ಯ. ಕೈದಿಗಳ ಕಾವಲಿಗೆ ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ಅವರ ನೇತೃತ್ವದಲ್ಲಿ ಸುಮಾರು 6,000 ಭಾರತೀಯ ಯೋಧರು.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತೀಯರು ತಮ್ಮ ನೆಲ ತುಳಿಯಕೂಡದೆಂದರು. ಹಾಗಾಗಿ ಹಡಗಿನಿಂದಲೇ ಅವರನ್ನು ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ಸೇನಾಮುಕ್ತ ವಲಯದಲ್ಲಿ ಇಳಿಸಬೇಕಾಯಿತು. ಅವರ ವಶಕ್ಕೆ ಬಂದವರು ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು. ಇನ್ನೊಂದು ಕಡೆಯಿಂದ 359 ಮಂದಿ, ಅವರಲ್ಲಿ 23 ಅಮೆರಿಕನ್ನರು, ಒಬ್ಬ ಬ್ರಿಟಿಷ್. ಶಿಬಿರಗಳೊಳಗೆ ಎರಡೂ ಬಣಗಳ ದಳ್ಳಾಳಿಗಳಿದ್ದರು. ಊರಿಗೆ ಹೋಗುವೆನೆಂದು ಬಾಯಿಬಿಟ್ಟವನ ಪ್ರಾಣಕ್ಕೆ ಅಪಾಯವಿತ್ತು. ಕಾವಲಿನ ಯೋಧರ ಮೇಲೆ ಕಲ್ಲು, ಬೈಗುಳ ಬೀಳುತ್ತಿದ್ದವು. ಅಕ್ಟೋಬರ್ ಆರಂಭದಲ್ಲಿ ಗಲಭೆ ಮಿತಿಮೀರಿ ಯೋಧರು ಗುಂಡು ಹಾರಿಸಿದಾಗ ಕೆಲವು ಕೈದಿಗಳು ಸತ್ತರು. ತಟಸ್ಥರ ಕೈಯೂ ಪೂರ್ತಿ ಶುಭ್ರವಾಗಿ ಉಳಿಯಲಿಲ್ಲ.

90 ದಿನಗಳ ಅವಧಿಯಲ್ಲಿ ಪ್ರತಿ ಕೈದಿಗೂ ಅವನ ದೇಶದ ಪ್ರತಿನಿಧಿಗಳು ಬಂದು ತಿಳಿಹೇಳಬೇಕಿತ್ತು. ಆ ಕೆಲಸ ಪೂರ್ತಿಯಾಗಲಿಲ್ಲ. ಅವಧಿ ಮುಗಿದಾಗ ಕೈದಿಗಳನ್ನು ಬಿಡುಗಡೆ ಮಾಡಿರೆಂದು ಅಮೆರಿಕ, ಇನ್ನೂ ಇಟ್ಟುಕೊಳ್ಳಿರೆಂದು ಚೀನಾ. 1954ರ ಜನವರಿ 20ರಿಂದ ತಿಮ್ಮಯ್ಯ ಕೈದಿಗಳನ್ನು ಹಿಂದೆ ಯಾರ ವಶದಲ್ಲಿದ್ದರೋ ಅವರಿಗೇ ಮರಳಿಸಿದರು. ಎರಡೂ ಕಡೆಯವರು ಅಸಮಾಧಾನ ಸೂಚಿಸಿದರು. ಈ ಅನುಭವದ ಬಗ್ಗೆ ಅವರು ಬರೆದ ಪುಸ್ತಕ ಅವರ ನಿಧನಾನಂತರ 1981ರಲ್ಲಿ ಪ್ರಕಟವಾಯಿತು. "ತಟಸ್ಥತೆಯಲ್ಲೊಂದು ಪ್ರಯೋಗ" ಎಂಬುದು ಆ ಇಂಗ್ಲಿಷ್ ಶೀರ್ಷಿಕೆಯ ಅರ್ಥ. ಪ್ರಯೋಗ ಎಂಬ ಪದ ಸರಿಯಾಗಿದೆ. ಫಲಿತಾಂಶ ಗೊತ್ತಿಲ್ಲದೆ ಕೈಹಾಕುವುದೇ ಪ್ರಯೋಗ.

ಆ ಸಾವಿರಾರು ಕೈದಿಗಳಲ್ಲಿ 88 ಮಂದಿ ಯಾವ ಕಡೆಗೂ ಹೋಗುವುದಿಲ್ಲ ಎಂದರು. ಅವರು ಭಾರತೀಯ ಯೋಧರ ಜೊತೆಯಲ್ಲೇ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದರು. ಕೆಲವರು ಭಾರತದಲ್ಲೇ ನೆಲೆಸಿದರು, ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ವಲಸೆ ಹೋದರು. ಲಕ್ಷಾಂತರ ಜನ ಸತ್ತ ಯುದ್ಧದಲ್ಲಿ 88 ಸಣ್ಣ ಸಂಖ್ಯೆ. ಆದರೆ ಮೂರನೆಯ ಜಾಗ ಇಲ್ಲವೆಂದ ಎರಡು ಮಹಾಶಕ್ತಿಗಳ ನಡುವೆ ಅಂತಹದೊಂದು ಜಾಗವನ್ನು ಆ 88 ಮಂದಿಗಾದರೂ ತೆರೆದಿಟ್ಟದ್ದು ಆ ಪ್ರಯೋಗ.

ವಿದ್ಯಾರ್ಥಿಗಳ ಪತ್ರಿಕೆ, ಶೈತ್ಯಾಗಾರದ ಹೆಸರು

ತಿಮ್ಮಯ್ಯ ಕೊರಿಯಾದಿಂದ ಮರಳಿದ ವರ್ಷವೇ ಅಮೆರಿಕ ಆಗ್ನೇಯ ಏಷ್ಯಾಕ್ಕೂ ನೇಟೊ ಮಾದರಿಯ ಸೈನಿಕ ಕೂಟವೊಂದನ್ನು ಕಟ್ಟಲು ಹೊರಟಿತು. ಸೀಟೊ ಎಂಬ ಆ ಕೂಟಕ್ಕೆ 1954ರ ಸೆಪ್ಟೆಂಬರ್ 8ರಂದು ಮನಿಲಾದಲ್ಲಿ ಸಹಿ ಬಿತ್ತು. ಅದಕ್ಕೆ ನಾಲ್ಕು ತಿಂಗಳು ಮುಂಚೆ ಸಿಂಗಪುರದಲ್ಲಿದ್ದ ಮಲಯಾ ವಿಶ್ವವಿದ್ಯಾಲಯದ ಸಮಾಜವಾದಿ ವಿದ್ಯಾರ್ಥಿ ಸಂಘ ತನ್ನ "ಫಜರ್" ಪತ್ರಿಕೆಯಲ್ಲಿ ಈ ಕೂಟವನ್ನು ಟೀಕಿಸಿ ಸಂಪಾದಕೀಯ ಬರೆಯಿತು. ಫಜರ್ ಎಂದರೆ ಮುಂಜಾವು. ಎಂಟು ವಿದ್ಯಾರ್ಥಿಗಳ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. ಅವರಲ್ಲಿ ಜೇಮ್ಸ್ ಪುದುಚೆರಿ, ಥಾಮಸ್ ವರ್ಕಿ, ಎಂ. ಕೆ. ರಾಜಕುಮಾರ್ ಮೊದಲಾದ ಭಾರತೀಯ ಮೂಲದವರಿದ್ದರು. ಮುಂದೆ ಸಿಂಗಪುರದ ಹೆಸರಾಂತ ಕವಿಯಾದ ಎಡ್ವಿನ್ ತಂಬು ಸಹ ಒಬ್ಬರು. ರಾಜಕುಮಾರ್ ಮತ್ತು ಪೋ ಸೂ ಕೈ ವೈದ್ಯ ವಿದ್ಯಾರ್ಥಿಗಳು. ಲಂಡನ್ನಿನ ವಕೀಲ ಡಿ. ಎನ್. ಪ್ರಿಟ್ ವಾದಿಸಿದರು, ಅವರಿಗೆ ಸಹಾಯಕರಾಗಿದ್ದ ತರುಣ ವಕೀಲ ಲೀ ಕ್ವಾನ್ ಯೂ. ಆಗಸ್ಟ್ 25ರಂದು ಎಂಟೂ ಮಂದಿ ಖುಲಾಸೆಯಾದರು.

ಮೂರು ತಿಂಗಳಲ್ಲಿ, 1954ರ ನವೆಂಬರ್ 21ರಂದು, ಪೀಪಲ್ಸ್ ಆ್ಯಕ್ಷನ್ ಪಾರ್ಟಿ ಹುಟ್ಟಿತು. ಇಂಗ್ಲಿಷ್ ಓದಿದ ವಕೀಲರೂ ಚೀನೀ ಶಾಲೆ, ಕಾರ್ಮಿಕ ಸಂಘಗಳಿಂದ ಬಂದ ಎಡಪಂಥೀಯರೂ ಅದರಲ್ಲಿ ಒಂದೇ ಚಾವಣಿಯಡಿ ಇದ್ದರು. ಫ್ಯಾರರ್ ಪಾರ್ಕ್ ಬಯಲಿನಲ್ಲಿ ಈಗ ಸೈನಿಕರ ಬದಲು ಮೆರ್ಡೆಕಾ ಎಂದು ಕೂಗುವ ಜನರ ಸಭೆಗಳು. 1955ರ ಏಪ್ರಿಲ್‌ನಲ್ಲಿ ಬಾಂಡುಂಗ್‌ನಲ್ಲಿ 29 ಏಷ್ಯಾ, ಆಫ್ರಿಕಾ ದೇಶಗಳು ಕೂಡಿದಾಗ ಮೂರನೆಯ ದಾರಿಯ ಆಸೆ ಇಲ್ಲಿಯೂ ಚಿಗುರಿತ್ತು. 1959ರಲ್ಲಿ ಲೀ ಪ್ರಧಾನಿಯಾದರು. 1961ರಲ್ಲಿ ಪಕ್ಷ ಒಡೆಯಿತು. ಎಡಪಂಥೀಯರು ಬಾರಿಸಾನ್ ಸೋಷಿಯಾಲಿಸ್ ಕಟ್ಟಿದರು.

1963ರ ಫೆಬ್ರವರಿ 2ರ ಬೆಳಗಿನ ಜಾವ ನೂರಕ್ಕೂ ಹೆಚ್ಚು ಮಂದಿಯನ್ನು ವಿಚಾರಣೆಯಿಲ್ಲದೆ ಬಂಧಿಸಲಾಯಿತು. ಕಾರ್ಯಾಚರಣೆಯ ಹೆಸರು ಕೋಲ್ಡ್‌ಸ್ಟೋರ್, ಎಂದರೆ ಶೈತ್ಯಾಗಾರ. ಬಂಧಿತರಲ್ಲಿ ಜೇಮ್ಸ್ ಪುದುಚೆರಿ ಇದ್ದರು. ಬಡವರಿಗಾಗಿ "ರಾಕ್ಯಾತ್ ಕ್ಲಿನಿಕ್" ತೆರೆದಿದ್ದ ಡಾ. ಪೋ ಸೂ ಕೈ ಮತ್ತು ಡಾ. ಲಿಮ್ ಹಾಕ್ ಸ್ಯೂ ಇದ್ದರು. ಡಾ. ಲಿಮ್ ಹೊರಬಂದದ್ದು 1982ರಲ್ಲಿ, ಹತ್ತೊಂಬತ್ತು ವರ್ಷಗಳಾದ ಮೇಲೆ. ಕಮ್ಯುನಿಸ್ಟರ ಬುಡಮೇಲು ಸಂಚನ್ನು ತಡೆಯಲು ಇದು ಅನಿವಾರ್ಯವಾಗಿತ್ತು ಎಂಬುದು ಸರ್ಕಾರದ ನಿಲುವು. ತಾವು ಕಮ್ಯುನಿಸ್ಟರಲ್ಲ, ಸಮಾಜವಾದಿಗಳು ಎಂಬುದು ಆ ವೈದ್ಯರ ಮಾತು. ಇತಿಹಾಸಕಾರರ ಚರ್ಚೆ ಇಂದಿಗೂ ಮುಗಿದಿಲ್ಲ. ಮೂರನೆಯ ಜಾಗವನ್ನು ಜಗತ್ತೇ ಒಪ್ಪದ ಕಾಲದಲ್ಲಿ "ನಾನು ಅದೂ ಅಲ್ಲ, ಇದೂ ಅಲ್ಲ" ಎಂಬುದನ್ನು ಸಾಬೀತುಪಡಿಸುವುದು ಎಷ್ಟು ಕಷ್ಟ ಎಂಬುದಂತೂ ಇದರಿಂದ ಸ್ಪಷ್ಟ. ಅದೇ ಫಜರ್ ಗುಂಪಿನ ರಾಜಕುಮಾರ್ ಮಲೇಷ್ಯಾದಲ್ಲಿ ಕುಟುಂಬ ವೈದ್ಯರಾಗಿ ಹೆಸರು ಮಾಡಿ, 1986ರಲ್ಲಿ ವಿಶ್ವ ಕುಟುಂಬ ವೈದ್ಯರ ಸಂಘಟನೆಯ ಅಧ್ಯಕ್ಷರಾದರು.

ಎಲ್ಲರಿಗೂ ತೆರೆದ ಬಂದರು

ಈ ಇತಿಹಾಸದ ಇನ್ನೊಂದು ಕುರುಹು ಸೆರಂಗೂನ್ ಗಾರ್ಡನ್. 1950ರ ದಶಕದಲ್ಲಿ ಬೆಳೆದ ಈ ಬಡಾವಣೆಯಲ್ಲಿ ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇನೆಗಳ ಕುಟುಂಬಗಳು ನೆಲೆಸಿದ್ದವು. ಚಾರ್ಟ್‌ವೆಲ್ ಡ್ರೈವ್ ಎಂಬ ಬೀದಿಗೆ ಇರುವುದು ಚರ್ಚಿಲ್ಲರ ಮನೆಯ ಹೆಸರು. ಚೋಂಪ್ ಚೋಂಪ್‌ನಲ್ಲಿ ಊಟಕ್ಕೆ ಸಾಲು ನಿಲ್ಲುವವರು ಇದನ್ನು ನೆನೆಯುವುದು ಕಡಿಮೆ. ಟೆಂಗಾ ನೆಲೆಯಿಂದ ಎದ್ದ ಬಾಂಬರುಗಳು ಮಲಯಾದ ಕಾಡಿನ ಮೇಲೆ ಬಾಂಬು ಸುರಿಯುತ್ತಿದ್ದ ಕಾಲ ಅದು.

1968ರ ಜನವರಿಯಲ್ಲಿ ಬ್ರಿಟನ್ ತನ್ನ ಸೇನೆಯನ್ನು ಬೇಗ ಹಿಂದಕ್ಕೆ ಕರೆಸುವುದಾಗಿ ಘೋಷಿಸಿದಾಗ ಸಿಂಗಪುರದ ಉತ್ಪನ್ನದ ಸುಮಾರು ಐದನೇ ಒಂದು ಭಾಗ ಈ ನೆಲೆಗಳನ್ನೇ ಅವಲಂಬಿಸಿತ್ತು. ಆಗ ಸಿಂಗಪುರ ಹಿಡಿದ ದಾರಿ ಗಮನಾರ್ಹ. ಅದೇ 1968ರಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ರಾಜತಾಂತ್ರಿಕ ಸಂಬಂಧ ಬೆಳೆಸಿತು. 1970ರಲ್ಲಿ ಅಲಿಪ್ತ ಚಳವಳಿ ಸೇರಿತು. 1971ರಲ್ಲಿ ಮಾಸ್ಕೋ ನರೋದ್ನಿ ಬ್ಯಾಂಕ್ ಇಲ್ಲಿ ಶಾಖೆ ತೆರೆಯಿತು. ಅಮೆರಿಕದ ಕಂಪನಿಗಳು ಕಾರ್ಖಾನೆ ಹಾಕಿದವು, ಸೋವಿಯತ್ ಹಡಗುಗಳೂ ಇಲ್ಲಿಗೆ ದುರಸ್ತಿಗೆ ಬಂದವು. ಮನೆಯೊಳಗೆ ಎಡಪಂಥವನ್ನು ಕಟ್ಟುನಿಟ್ಟಾಗಿ ತಡೆದ ದೇಶ ಬಂದರಿನಲ್ಲಿ ಎಲ್ಲರ ಬಾವುಟಕ್ಕೂ ಜಾಗ ಕೊಟ್ಟಿತು.

ತಟಸ್ಥತೆ ಎಂದರೆ ಎಲ್ಲರಿಗೂ ಒಂದೇ ಅರ್ಥವಲ್ಲ ಎಂಬುದಕ್ಕೂ ನಿದರ್ಶನವಿದೆ. 1978ರ ಕೊನೆಯಲ್ಲಿ ವಿಯೆಟ್ನಾಂ ಸೇನೆ ಕಾಂಬೋಡಿಯಾ ಪ್ರವೇಶಿಸಿತು. ಸಣ್ಣ ದೇಶದ ಗಡಿ ದಾಟುವುದನ್ನು ಒಪ್ಪಿದರೆ ನಾಳೆ ತನ್ನ ಗತಿಯೇನು ಎಂದು ಸಿಂಗಪುರ ವಿಶ್ವಸಂಸ್ಥೆಯಲ್ಲಿ ಗಟ್ಟಿಯಾಗಿ ವಿರೋಧಿಸಿತು. ಭಾರತ 1980ರಲ್ಲಿ ಅಲ್ಲಿನ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಎರಡೂ ಅಲಿಪ್ತ ದೇಶಗಳೇ, ಆದರೂ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡವು.

ಒಂದೇ ದಿನ, ಎರಡು ಮುಕ್ತಾಯ

1989ರ ಡಿಸೆಂಬರ್ 2ರಂದು ಮಾಲ್ಟಾ ಕಡಲಲ್ಲಿ ಹಡಗಿನ ಮೇಲೆ ಅಮೆರಿಕದ ಅಧ್ಯಕ್ಷ ಬುಷ್ ಮತ್ತು ಸೋವಿಯತ್ ನಾಯಕ ಗೋರ್ಬಚೇವ್ ಭೇಟಿಯಾದರು. ಶೀತಲ ಸಮರ ಮುಗಿದ ಘಳಿಗೆಯೆಂದು ಪಠ್ಯಪುಸ್ತಕಗಳು ಸೂಚಿಸುವ ಭೇಟಿ ಅದು. ಸರಿಯಾಗಿ ಅದೇ ದಿನ ದಕ್ಷಿಣ ಥಾಯ್ಲೆಂಡಿನ ಹಟ್ ಯಾಯ್ ಊರಿನಲ್ಲಿ ಚಿನ್ ಪೆಂಗ್ ಮಲೇಷ್ಯಾ ಮತ್ತು ಥಾಯ್ಲೆಂಡ್ ಸರ್ಕಾರಗಳೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಇಪ್ಪತ್ತೊಂದರಲ್ಲಿ ಪಡಾಂಗ್ ಎದುರು ಪದಕ ಪಡೆದ ಯುವಕ ಈಗ ಅರವತ್ತೈದರ ಮುದುಕ. ನಡುವೆ ಸತ್ತವರು, ಸೆರೆಯಲ್ಲಿ ಕೂದಲು ನರೆದವರು, ಗಡೀಪಾರಾದವರು ಯಾರೂ ಮರಳಿ ಬರಲಿಲ್ಲ. ತಿಮ್ಮಯ್ಯ ಈ ಮುಕ್ತಾಯ ನೋಡಲು ಇರಲಿಲ್ಲ. ಇನ್ನೊಂದು ಒಡೆದ ನೆಲದಲ್ಲಿ, ಸೈಪ್ರಸ್ಸಿನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ಅವರು 1965ರ ಡಿಸೆಂಬರ್ 18ರಂದು ತೀರಿಕೊಂಡಿದ್ದರು.

ಎರಡು ವರ್ಷಗಳಲ್ಲಿ ಸೋವಿಯತ್ ಒಕ್ಕೂಟವೇ ಚದುರಿತು. ಅದೇ 1991ರಲ್ಲಿ ಭಾರತ ತನ್ನ ಆರ್ಥಿಕ ಬಾಗಿಲು ತೆರೆಯಿತು. ಮುನಿಸು ಮರೆತ ಸಿಂಗಪುರ ಮತ್ತು ಭಾರತ ಕೈ ಕುಲುಕಿದ ಫಲಗಳಲ್ಲೊಂದು ವೈಟ್‌ಫೀಲ್ಡಿನ ಐಟಿಪಿಎಲ್. ಆ ಬಳಿಕವೇ ಕನ್ನಡ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬಂದು ನೆಲೆಸಿದವು. ನಮ್ಮಲ್ಲಿ ಬಹುಪಾಲು ಮಂದಿ ಇಲ್ಲಿರುವುದು ಆ ಪೈಪೋಟಿ ಮುಗಿದದ್ದರಿಂದ ಎಂದರೆ ತಪ್ಪಾಗದು.

ಈಗ ಮತ್ತೆ ಎರಡು ದೊಡ್ಡ ಶಕ್ತಿಗಳ ಮಾತು ಕೇಳಿಬರುತ್ತಿದೆ, ಸಣ್ಣ ದೇಶಗಳಿಗೆ ಮತ್ತೆ ಅದೇ ಹಳೆಯ ಪ್ರಶ್ನೆ ಎದುರಾಗುತ್ತಿದೆ. ಮಕ್ಕಳು ಪರೀಕ್ಷೆಗೆ ಬರ್ಲಿನ್, ಕ್ಯೂಬಾ ಓದಲಿ. ಜೊತೆಗೆ ಒಂದು ಭಾನುವಾರ ಅವರನ್ನು ನ್ಯಾಷನಲ್ ಗ್ಯಾಲರಿಯ ಮೆಟ್ಟಿಲ ಬಳಿಗೂ ಫ್ಯಾರರ್ ಪಾರ್ಕಿನ ಬಯಲಿಗೂ ಕರೆದುಕೊಂಡು ಹೋಗಿ, ಬಣ ಕೇಳದೆ ಗಾಯ ಕಟ್ಟಿದ ವೈದ್ಯರ, ಎರಡೂ ಕಡೆಯ ಮಾತು ಕೇಳಿಸಿಕೊಂಡ ಮಡಿಕೇರಿಯ ಸೇನಾನಿಯ, ಯಾರ ಕಡೆಯೂ ಅಲ್ಲವೆಂದ 88 ಕೈದಿಗಳ ಸಂಗತಿಯನ್ನು ಹೇಳೋಣ.